ಒಗ್ಗರಣೆ ಇಲ್ಲದ ಭಾನುವಾರ

ಟಿಕೆಟ್ ತೆಗೆದ ಊರಿಗಿಂತ ಮುಂಚೆ ಇಳಿಯುವವಳಲ್ಲ ನಾನು. ಟಿಕೆಟ್ಟನ್ನು ಮೂರು ಸಲ ಮುಟ್ಟಿ ನೋಡಿಕೊಂಡು, ನನ್ನ ಊರು ಬರುವುದಕ್ಕೆ ಎರಡು ಸ್ಟಾಪು ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲುವ ಜಾತಿ. ಕಳೆದ ಜನವರಿಯಲ್ಲಿ ಕೈವಾರಕ್ಕೆ ಹೋಗಿ, ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಚಿಕ್ಕಬಳ್ಳಾಪುರದ ಮನೆಗೆ ವಾಪಸ್ ಬರುತ್ತಿದ್ದೆ. ಪಕ್ಕದಲ್ಲಿ ಬಂದು ಕೂತಾಕೆ ತಮ್ಮ ಅವರೆಕಾಯಿ ಚೀಲವನ್ನು ನೇರವಾಗಿ ನನ್ನ ಪಾದದ ಮೇಲೆ ಇಟ್ಟರು. "ಭಾರ ಆಯ್ತೇನಮ್ಮ?" ಎಂದು ವಿಚಾರಿಸಿದರು. ಚೀಲ ಮಾತ್ರ ತೆಗೆಯಲಿಲ್ಲ. ಚೀಲದ ಬಾಯಿಂದ ಸೊಗಡು ಎದ್ದು ಬಂತು. ಮಂಜಿನಲ್ಲಿ ಬಲಿತ ಕಾಯಿಯ ಆ ಜಿಡ್ಡು ವಾಸನೆ, ಬೆರಳಿಗೆ ಹತ್ತಿದರೆ ಎರಡು ದಿನ ಸೋಪಿಗೂ ಜಗ್ಗದ್ದು. ಶಿಡ್ಲಘಟ್ಟ ಇನ್ನೂ ದೂರವಿದೆ ಅನ್ನುವಾಗ ಒಂದು ಹೊಂಗೆಮರದ ಸ್ಟಾಪಿನಲ್ಲಿ ಬಸ್ಸು ನಿಂತಿತು. ನಾನು ಎದ್ದು ಇಳಿದುಬಿಟ್ಟೆ.

"ಮೇಡಂ, ನಿಮ್ದು ಚಿಕ್ಕಬಳ್ಳಾಪುರ" ಎಂದ ಕಂಡಕ್ಟರ್.

"ಗೊತ್ತಪ್ಪ" ಎಂದೆ. ಬಸ್ಸು ಹೋಗಿ ಧೂಳು ಕೂತ ಮೇಲೆ, ಗೊತ್ತಿತ್ತೇ ಎಂದು ನನಗೇ ಅನುಮಾನ ಬಂತು.

ಆ ಹೊಂಗೆಮರದಿಂದ ಒಳಗೆ ಎರಡು ಮೈಲಿ ನಡೆದರೆ ನಾನು ಟೀಚರಾಗಿ ಸೇರಿದ ಮೊದಲ ಶಾಲೆಯ ಊರು. ತೊಂಬತ್ನಾಲ್ಕನೇ ಇಸವಿ. ಆಗ ಇದೆಲ್ಲ ಕೋಲಾರ ಜಿಲ್ಲೆ. ನನಗೆ ಇಪ್ಪತ್ತೆರಡು ವರ್ಷ. ಗೌರಿಬಿದನೂರಿನ ಪೇಟೆಯಲ್ಲಿ ಬೆಳೆದವಳು, ಅಮ್ಮನ ಅಡುಗೆ ಉಂಡು ಪುಸ್ತಕ ಓದಿದವಳು. ಅಪ್ಪ ಒಂದು ಸೀಮೆಎಣ್ಣೆ ಸ್ಟವ್ವು, ಒಂದು ರಗ್ಗು, ಅಮ್ಮ ಬರೆದುಕೊಟ್ಟ ಆರು ಹಾಳೆ ಅಡುಗೆಯ ಸೂಚನೆಗಳ ಜೊತೆ ನನ್ನನ್ನು ಅಲ್ಲಿ ಬಿಟ್ಟು ಸಂಜೆ ಬಸ್ಸಿಗೆ ಹೊರಟುಹೋದರು. ಅಮ್ಮನ ಸೂಚನೆಗಳೆಲ್ಲ "ಹದ ನೋಡಿಕೊಂಡು" ಎಂದು ಮುಗಿಯುತ್ತಿದ್ದವು. ಹದ ಎಲ್ಲಿರುತ್ತದೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ನಾನು ಬಾಡಿಗೆಗಿದ್ದದ್ದು ನಾರಾಯಣಪ್ಪನವರ ಮನೆಯ ಮುಂದಿನ ಕೋಣೆಯಲ್ಲಿ. ನನ್ನ ಕೋಣೆಗೂ ಅವರ ಮನೆಗೂ ನಡುವಿನ ಗೋಡೆ ಹೆಂಚಿನವರೆಗೆ ಹೋಗಿರಲಿಲ್ಲ, ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಅದರ ಮೇಲಿಂದ ಮಾತು, ಕೆಮ್ಮು, ಬೆಳಕು, ವಾಸನೆ ಎಲ್ಲವೂ ಧಾರಾಳವಾಗಿ ಹೋಗಿ ಬಂದು ಮಾಡುತ್ತಿದ್ದವು. ಹೋದ ಎರಡನೇ ದಿನ ಅಮ್ಮನ ಹಾಳೆ ಪ್ರಕಾರ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಇಂಗು ಹಾಕಿ ಸಾರಿಗೆ ಒಗ್ಗರಣೆ ಕೊಟ್ಟೆ. ಚೊಯ್ ಎಂದದ್ದೇ ತಡ, ಗೋಡೆಯಾಚೆಯಿಂದ ಒಂದು ಮುದಿದನಿ ಕೇಳಿತು.

"ಯಾರಮ್ಮ ಅದು, ಮನೆಗೆ ಬೆಂಕಿ ಇಡೋದು?"

ಅದು ನಾರಾಯಣಪ್ಪನವರ ತಾಯಿ ಅಕ್ಕಯಮ್ಮ. ಬಾಯಲ್ಲಿ ಹಲ್ಲಿರಲಿಲ್ಲ, ಆ ಕೊರತೆಯನ್ನು ನಾಲಿಗೆ ತುಂಬಿಕೊಟ್ಟಿತ್ತು. ಕೋಲೂರಿಕೊಂಡು ಬಂದು, ಮೊದಲು ತೆಲುಗಿನಲ್ಲಿ ಬೈದು, ನಾನು ಕಣ್ಣು ಕಣ್ಣು ಬಿಟ್ಟಿದ್ದು ನೋಡಿ ಕನ್ನಡಕ್ಕೆ ಇಳಿದು, ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ಅಂತಸ್ತು ಅಂತಸ್ತಾಗಿ. ಅವುಗಳ ತುಂಬ ರೇಷ್ಮೆ ಹುಳ. ಸೊಪ್ಪು ತಿನ್ನುವ ಸದ್ದು ಕೇಳಿ ನನಗೆ ನಲವತ್ತು ಮಕ್ಕಳು ಒಟ್ಟಿಗೆ ಸ್ಲೇಟಿನ ಮೇಲೆ ಬಳಪ ಆಡಿಸಿದ ಹಾಗಾಯಿತು.

"ಇವಕ್ಕೆ ಒಗ್ಗರಣೆ ವಾಸನೆ ಆಗಲ್ಲ. ಮೂಗಿಗೆ ಬಿದ್ರೆ ಮೇವು ಬಿಡ್ತವೆ. ತಿಳೀತಾ?" ಎಂದರು.

ತಿಳಿಯಿತು. ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯಿತು. ಅವತ್ತಿನಿಂದ ಎಂಟು ದಿನ ಮೊಸರನ್ನ ಉಂಡೆ. ಶಾಲೆಯಿಂದ ಬಂದ ಕೂಡಲೇ ಗೋಡೆಗೆ ಕಿವಿಯಿಟ್ಟು ಬಳಪದ ಸದ್ದು ಇದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದೆ. ಹುಳ ಗೂಡು ಕಟ್ಟಿದವು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೂ ಹೋಯಿತು. ನನ್ನ ಹೆದರಿಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಮುಂದಿನ ಬೆಳೆ ಡಿಸೆಂಬರಿನಲ್ಲಿ ಬಂತು. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತವೆ. ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಮೇಲೆ ಎಂಟು ದಿನ ಅವು ತಿನ್ನುವುದು ಒಂದೇ ತಿನ್ನುವುದು. ಮನೆಮಂದಿಯೆಲ್ಲ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು. ಒಲೆ ಮುಂದೆ ಕೂರಲು ಯಾರಿಗೂ ಪುರಸೊತ್ತಿಲ್ಲ, ಕೂತರೂ ಒಗ್ಗರಣೆ ಹಾಕುವ ಹಾಗಿಲ್ಲ, ಏನೂ ಕರಿಯುವ ಹಾಗಿಲ್ಲ, ಊದುಬತ್ತಿ ಕೂಡ ಇಲ್ಲ. ಅದಕ್ಕೆ ಆ ಬೀದಿಯಲ್ಲಿ ಒಂದು ಪದ್ಧತಿ. ಯಾರ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿವೆಯೋ ಅವರಿಗೆ ದಿನಕ್ಕೊಂದು ಮನೆಯಿಂದ ಮಧ್ಯಾಹ್ನದ ಊಟ. ಎದುರು ಮನೆ ಲಕ್ಷ್ಮೀದೇವಮ್ಮನವರ ಜಗಲಿಯ ಮೇಲೆ ಕೂತು ಉಣ್ಣುವುದು, ಕೈಬಾಯಿ ತೊಳೆದು ಹುಳದ ಮನೆಗೆ ಹೋಗುವುದು.

ನಾನು ಮಧ್ಯಾಹ್ನ ಶಾಲೆಯಲ್ಲಿರುತ್ತಿದ್ದೆ, ಊಟ ಕಣ್ಣಾರೆ ನೋಡಲಿಲ್ಲ. ಸಂಜೆ ಬೋರ್‌ವೆಲ್ ಹತ್ತಿರ ವರದಿ ಸಿಗುತ್ತಿತ್ತು. ಅಡುಗೆ ಮಾಡಿದವರು ತಾವಾಗಿ ಹೊಗಳಿಕೊಳ್ಳುತ್ತಿರಲಿಲ್ಲ. ಬಿಂದಿಗೆ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಿದ್ದರು.

"ಏನೋ ಒಂದಿಷ್ಟು ಹುರುಳಿಕಾಳು ಬಸ್ಸಾರು ಮಾಡ್ಹಾಕ್ದೆ. ಸೊಪ್ಪೂ ಸರಿಯಾಗಿರಲಿಲ್ಲ."

"ಸುಮ್ನಿರಕ್ಕ. ನಿಮ್ಮ ಸಾರಿಗೆ ನಾರಾಯಣಪ್ಪ ಮೂರನೇ ಮುದ್ದೆ ಕೇಳಿದ್ನಂತೆ."

"ಹಸಿದೋನಿಗೇನಮ್ಮ, ಕೊಟ್ಟಿದ್ದು ತಿಂತಾನೆ." ಹೀಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಒಂದು ದಿನ ಮಸ್ಸೊಪ್ಪು, ಒಂದು ದಿನ ಬದನೆಕಾಯಿ ಎಣ್ಣೆಗಾಯಿ, ಒಂದು ದಿನ ಹುರಿದ ಕಡಲೆಕಾಯಿಬೀಜ ರುಬ್ಬಿದ ಊರುಬಿಂಡಿ ಚಟ್ನಿ, ಮುದ್ದೆ, ಮೇಲೆ ಬೆಣ್ಣೆ. ಏನು ಬೇಯಿಸಿದರು, ಏನು ರುಬ್ಬಿದರು ಎಲ್ಲ ಹೇಳುತ್ತಿದ್ದರು. ಒಗ್ಗರಣೆ ಹಾಕಿದೆ ಎಂದು ಯಾರೂ ಹೇಳಲಿಲ್ಲ. ಉಪ್ಪು ಹಾಕಿದೆ ಎಂದು ಯಾರಾದರೂ ಹೇಳುತ್ತಾರೆಯೇ?

ಸರದಿ ಕೂಗುವುದು ಲಕ್ಷ್ಮೀದೇವಮ್ಮನವರ ಕೆಲಸ. ಬೀದಿಯಲ್ಲಿ ಅವರದೇ ಒಳ್ಳೆಯ ಕೈ, ಅದು ಅವರಿಗೂ ಗೊತ್ತಿತ್ತು. ಡಿಸೆಂಬರಿನ ಆ ಹುಳ ಜ್ವರ ಎದ್ದ ದಿನವೇ ಬೋರ್‌ವೆಲ್ ಕಟ್ಟೆ ಮೇಲೆ ನಿಂತು ಸೋಮವಾರದಿಂದ ಒಂದೊಂದೇ ಮನೆ ಹೇಳುತ್ತ ಬಂದರು. ಕೊನೆಗೆ ನನ್ನ ಕಡೆ ತಿರುಗಿ, "ಭಾನುವಾರ ಟೀಚರಮ್ಮನ ಮನೆ" ಎಂದರು.

ಹತ್ತಡಿ ಕೋಣೆ, ಒಂದು ಸ್ಟವ್ವು, ಒಬ್ಬಳು ಹೆಂಗಸು. ಅದನ್ನು ಮನೆ ಎಂದು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ, ನಾನೂ ಸೇರಿ. ಅಪ್ಪ ಕೂಡ ಕಾಗದದಲ್ಲಿ "ನಿನ್ನ ರೂಮು" ಎಂದೇ ಬರೆಯುತ್ತಿದ್ದರು. ಬಿಂದಿಗೆ ತುಂಬಿ ಹರಿಯುತ್ತಿದ್ದುದೂ ಗೊತ್ತಾಗದೆ ನಿಂತಿದ್ದೆ. ಮನೆ ತಲುಪುವ ಹೊತ್ತಿಗೆ ಸಂತೋಷ ಇಳಿದು ಲೆಕ್ಕಾಚಾರ ಶುರುವಾಗಿತ್ತು. ಉಣ್ಣುವವರು ಏಳು ಜನ. ಮುದ್ದೆ ಗಂಟಾದರೆ? ಸಾರು ಸೀದರೆ? ನಾನು ಮಾಡಿದ್ದು ಉಂಡು ಯಾರಿಗಾದರೂ ಹೊಟ್ಟೆ ಕೆಟ್ಟು, ಸೊಪ್ಪು ಹಾಕುವವರಿಲ್ಲದೆ ಹುಳ ಉಪವಾಸ ಬಿದ್ದರೆ? ಎಲ್ಲಕ್ಕಿಂತ ದೊಡ್ಡದು, ಆ ಕಟ್ಟೆಯ ಮೇಲಿಂದ ನನ್ನ ಮನೆಯ ಹೆಸರು ಇನ್ನೊಂದು ಸಲ ಕೇಳಿಸುತ್ತದೋ ಇಲ್ಲವೋ.

ಅವರೆಕಾಯಿ ಕಾಲ. ಹಿತಕಿದಬೇಳೆ ಸಾರು ಎಂದು ತೀರ್ಮಾನಿಸಿದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ಕಾಯಿ ಸುಲಿದು, ಕಾಳು ನೆನೆಸಿ, ಸಂಜೆಯೆಲ್ಲ ಒಂದೊಂದನ್ನೇ ಹಿತುಕಿದೆ. ಅರ್ಧ ಬೇಳೆ ಪಾತ್ರೆಗೆ ಬಿತ್ತು, ಅರ್ಧ ಗೋಡೆಗೆ ಹಾರಿತು. ಲಕ್ಷ್ಮೀದೇವಮ್ಮನವರ ಹತ್ತಿರ ದೊಡ್ಡ ಪಾತ್ರೆ, ಹಿಟ್ಟಿನ ಕೋಲು ಕೇಳಲು ಹೋದೆ.

"ನಮ್ಮ ಒಲೆಯಲ್ಲೇ ಮಾಡ್ಕೊಳ್ಳಿ ಟೀಚರಮ್ಮ, ಪಕ್ಕದಲ್ಲಿ ನಾನಿರ್ತೀನಿ."

ಅವರು ಪಕ್ಕದಲ್ಲಿರುವುದೇ ನನ್ನ ಭಯವಾಗಿತ್ತು. "ನಿಮಗ್ಯಾಕೆ ತೊಂದರೆ, ಶಾಲೆ ಹಿಂದೆ ಮೂರು ಕಲ್ಲಿಟ್ಟು ಮಾಡ್ಕೋತೀನಿ" ಎಂದೆ.

ಭಾನುವಾರ ಶಾಲೆಗೆ ಬೀಗ ತೆಗೆದು, ಅಮ್ಮನ ಹಾಳೆಯಲ್ಲಿದ್ದುದನ್ನು ಕಪ್ಪುಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದುಕೊಂಡೆ, ಹಿಂದಿನ ಕಿಟಕಿಯಿಂದ ಹೊಗೆಯಲ್ಲೂ ಓದಲು ಆಗಲಿ ಎಂದು. ನಾಲ್ಕನೆಯ ಸಾಲಿಗೆ ಬಂದಾಗ ಕೈ ನಿಂತಿತು. "ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ, ಸಾಸಿವೆ, ಇಂಗಿನ ಒಗ್ಗರಣೆ." ಅಕ್ಕಯಮ್ಮನ ಮುಖ ಕಣ್ಣ ಮುಂದೆ ಬಂತು. ಇವರು ಉಂಡು ಒಳಗೆ ಹೋಗುತ್ತಾರೆ. ಕೈ ತೊಳೆಯಬಹುದು, ಉಸಿರು? ಸೀರೆಗೆ ಹತ್ತಿದ ಘಾಟು? ಇಡೀ ಬೆಳೆ ನನ್ನ ಒಂದು ಸೌಟು ಎಣ್ಣೆಯಿಂದ ಮಲಗಿಬಿಟ್ಟರೆ? ಡಸ್ಟರ್ ತೆಗೆದುಕೊಂಡು ನಾಲ್ಕನೇ ಸಾಲು ಅಳಿಸಿದೆ. ಇರಲಿ ಎಂದು ಖಾರದ ಪುಡಿಯನ್ನೂ ಮುಕ್ಕಾಲು ಪಾಲು ಬಿಟ್ಟೆ. ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಅರಿಶಿನ, ಉಪ್ಪು. ರುಚಿ ನೋಡಲೂ ಇಲ್ಲ. ಉಣ್ಣುವವರಿಗಿಂತ ಮೊದಲು ಎಂಜಲು ಮಾಡಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದರು.

ಜಗಲಿಯ ಮೇಲೆ ಏಳು ಜನ ಸಾಲಾಗಿ ಕೂತರು. ಎಲ್ಲರ ಮೈಮೇಲೆ ಸೊಪ್ಪಿನ ಚೂರು. ನಾನು ಮುದ್ದೆ ಇಟ್ಟು ಸಾರು ಬಿಟ್ಟೆ. ನಾರಾಯಣಪ್ಪ ಮೊದಲ ತುತ್ತು ಅದ್ದಿ ನುಂಗಿ, ಎರಡನೆಯದನ್ನು ಕೈಯಲ್ಲೇ ಹಿಡಿದು ಕೂತರು.

"ಟೀಚರಮ್ಮ, ಒಗ್ಗರಣೆ ಮರೆತ್ರಾ?"

"ಮರೀಲಿಲ್ಲ. ಹುಳಕ್ಕೆ ಆಗಲ್ಲ ಅಂತ ಹಾಕಲಿಲ್ಲ."

ನಾರಾಯಣಪ್ಪನವರ ಹೆಂಡತಿ ಮುನಿವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನಗುವೋ ಬೇರೆ ಏನೋ ಗೊತ್ತಾಗಲಿಲ್ಲ.

"ಹುಳ ಒಳಗೈತೆ. ನಾವು ಹೊರಗೆ ಕೂತಿದೀವಿ" ಎಂದರು ನಾರಾಯಣಪ್ಪ, ಮಕ್ಕಳಿಗೆ ಹೇಳಿದ ಹಾಗೆ ನಿಧಾನವಾಗಿ.

ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀದೇವಮ್ಮ, "ಮುದ್ದೆ ಹೆಂಗೋ ಅವರೂ ಬೇಯಿಸ್ಕೊಂಡಾರು ಕಣಮ್ಮ. ನಾವು ದಿನಾ ಹೊತ್ತು ತಂದಿದ್ದೇ ಒಗ್ಗರಣೆ" ಎಂದರು.

ಎಂಟು ದಿನ ಒಗ್ಗರಣೆಯ ಮುಖ ಕಾಣದ ಮನೆಗೆ ಬೀದಿಯವರು ಅದನ್ನೇ ಊಟದ ಹೆಸರಿನಲ್ಲಿ ಮುಟ್ಟಿಸುತ್ತಿದ್ದರು. ನಾನು ಅದೊಂದನ್ನು ಬಿಟ್ಟು ಬೇರೆಲ್ಲ ತಂದಿದ್ದೆ. ಮುದ್ದೆಯಲ್ಲಿ ಗಂಟೂ ಇತ್ತು. ಒಬ್ಬರು ಅದನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗಿಟ್ಟರು, ಬಹಳ ಮರ್ಯಾದೆಯಿಂದ. ಅಕ್ಕಯಮ್ಮ ಮಾತ್ರ ತಲೆಯೆತ್ತದೆ ಉಂಡು, ತಟ್ಟೆ ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಂಡರು. ಕನಿಕರ, ಅಂದುಕೊಂಡೆ. ಕನಿಕರ ಆ ಮುದುಕಿಯ ಸ್ವಭಾವವಲ್ಲ ಎಂದು ಹೊಳೆಯುವಷ್ಟು ಸಮಾಧಾನ ಆಗ ನನ್ನಲ್ಲಿರಲಿಲ್ಲ. ಪಾತ್ರೆ ತಳ ಕಂಡಿತು. ನನಗೆ ಒಂದು ತೊಟ್ಟೂ ಉಳಿಯಲಿಲ್ಲ. ಒಳ್ಳೆಯದೇ ಆಯಿತು ಅನ್ನಿಸಿತು.

ಕಪ್ಪುಹಲಗೆ ಒರೆಸುವುದು ಮರೆತಿದ್ದೆ. ಮಾರನೆಯ ದಿನ ಎರಡನೇ ಕ್ಲಾಸಿನ ಮಕ್ಕಳು "ಬೇಳೆ ಬೇಯಲು ಬಿಡಿ" ಎಂದು ನೀಟಾಗಿ ಕಾಪಿ ಮಾಡಿಕೊಂಡಿದ್ದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು.

ಫೆಬ್ರವರಿಯಲ್ಲಿ ಮತ್ತೆ ಹುಳ ನಾಲ್ಕನೇ ಜ್ವರ ಎದ್ದವು. ಬೋರ್‌ವೆಲ್ ಹತ್ತಿರ ನಾನು ಬೇಕಂತಲೇ ಮೊದಲೇ ಹೋಗಿ ನಿಂತಿದ್ದೆ. ಲಕ್ಷ್ಮೀದೇವಮ್ಮ ಹೇಳುತ್ತ ಬಂದರು. ಶುಕ್ರವಾರ, ಶನಿವಾರ. "ಭಾನುವಾರ ಮತ್ತೆ ನಮ್ಮನೆ" ಎಂದರು. ನನ್ನ ಕಡೆ ನೋಡಿ ದನಿ ಮೆತ್ತಗೆ ಮಾಡಿ, "ಪಾಪ, ಟೀಚರಮ್ಮನಿಗ್ಯಾಕೆ ತೊಂದರೆ" ಎಂದು ಸೇರಿಸಿದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಪಾಪ ಅನ್ನುವ ಮಾತು ಮೂರು ದಿನ ಕಿವಿ ಬಿಡಲಿಲ್ಲ. ವರ್ಗಾವಣೆಗೆ ಅರ್ಜಿ ಬರೆದೆ, ಹರಿದೆ, ಮತ್ತೆ ಬರೆದೆ. ಗೌರಿಬಿದನೂರಿಗೆ ಬಸ್ಸಿನ ಟೈಮು ವಿಚಾರಿಸಿದೆ. ಅಮ್ಮನಿಗೆ ಇನ್‌ಲ್ಯಾಂಡ್ ಲೆಟರಿನಲ್ಲಿ, ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ಅಂಟಿಸಿದೆ.

ಗುರುವಾರ ಸಂಜೆ ಬಾಗಿಲಲ್ಲಿ ಕೋಲಿನ ಸದ್ದು. ಅಕ್ಕಯಮ್ಮ ಒಂದು ಖಾಲಿ ಬಟ್ಟಲು ಹಿಡಿದು ನಿಂತಿದ್ದರು.

"ನಿನ್ನ ಸರದಿ ಯಾವತ್ತಮ್ಮ?"

"ನನಗೆ ಸರದಿ ಇಲ್ಲ ಅಜ್ಜಿ. ನನ್ನ ಅಡುಗೆ ಉಂಡಿದೀರಲ್ಲ."

"ಉಂಡಿದೀನಿ. ಅದಕ್ಕೇ ಕೇಳ್ತಿರೋದು."

ಆಮೇಲೆ ಹೊಸಿಲ ಮೇಲೆ ಕೂತು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು. ಬಾಯಲ್ಲಿ ಹುಣ್ಣು. ನವೆಂಬರಿನಿಂದ. ಖಾರ, ಬೆಳ್ಳುಳ್ಳಿ ತಾಗಿದರೆ ಕಣ್ಣಲ್ಲಿ ನೀರು. ಬೀದಿಯವರು ತಂದ ಸಾರನ್ನು ಬೆರಳಿಗೆ ಮುಟ್ಟಿಸಿದ ಹಾಗೆ ಮಾಡಿ, ಮುದ್ದೆಯನ್ನು ನೀರಲ್ಲಿ ಅದ್ದಿ ನುಂಗುತ್ತಿದ್ದರಂತೆ. "ಆ ಎಂಟು ದಿನದಲ್ಲಿ ಹೊಟ್ಟೆ ತುಂಬ ಉಂಡಿದ್ದು ಭಾನುವಾರ ಒಂದೇ."

"ಸೊಸೆಗೆ ಹೇಳಬಹುದಿತ್ತಲ್ಲ ಅಜ್ಜಿ."

"ಹೆಂಗಮ್ಮ ಹೇಳಾದು? ಅಷ್ಟು ಮನೇವ್ರು ಹೊತ್ಕೊಂಡು ಬಂದು ಬಡಿಸ್ತಾರೆ. ಅವರ ಕೈಗೆ ಹೆಸರಿಡ್ಲಾ?"

ಇಷ್ಟು ಹೇಳಿದವರು ನನ್ನ ಹೆಸರು ಸರದಿಯಲ್ಲಿ ಇಲ್ಲ ಅನ್ನುವುದನ್ನು ಮಾತ್ರ ಸಹಿಸಲಿಲ್ಲ. ಕೋಲೂರಿಕೊಂಡು ನೇರ ಬೋರ್‌ವೆಲ್‌ಗೆ ಹೊರಟರು. "ಬೇಡಿ ಅಜ್ಜಿ" ಎಂದು ನಾನು ಹಿಂದೆ. ಅಲ್ಲಿ ನಾಲ್ಕೈದು ಬಿಂದಿಗೆಗಳ ನಡುವೆ ಲಕ್ಷ್ಮೀದೇವಮ್ಮ ಇದ್ದರು, ಮುನಿವೆಂಕಟಮ್ಮ ಕೂಡ. ಅಕ್ಕಯಮ್ಮ ಎಲ್ಲರ ಮುಂದೆ ನಿಂತು ಬಾಯಿ ಅಗಲಿಸಿ ತೋರಿಸಿದರು.

"ನೋಡ್ರೇ. ಚೆನ್ನಾಗಿ ನೋಡ್ಕೊಳ್ಳಿ. ಇಂಥಾ ಬಾಯಿಗೆ ನಿಮ್ಮ ಒಗ್ಗರಣೆ ಹೋಗ್ತದಾ?"

ಬೋರ್‌ವೆಲ್ ಹೊಡೆಯುತ್ತಿದ್ದ ಕೈ ನಿಂತಿತು. ಮುನಿವೆಂಕಟಮ್ಮ ಬಿಂದಿಗೆ ಕೆಳಗಿಟ್ಟು ಹತ್ತಿರ ಬಂದು, ಅತ್ತೆಯ ಗಲ್ಲ ಹಿಡಿದು ಬಾಯೊಳಗೆ ನೋಡಿ, "ನಂಗೊಂದು ಮಾತು ಹೇಳಬಾರದಾ ಅತ್ತೆ" ಎಂದು ಅಷ್ಟೇ ಅಂದರು. ಅವರ ಕಣ್ಣು ತುಂಬಿತ್ತು. ಅಕ್ಕಯಮ್ಮ ಖಾಲಿ ಬಟ್ಟಲನ್ನು ಲಕ್ಷ್ಮೀದೇವಮ್ಮನವರ ಕೈಯಲ್ಲಿಟ್ಟು, "ಟೀಚರಮ್ಮನ ಸಾರು ಯಾವತ್ತು?" ಎಂದರು.

ಲಕ್ಷ್ಮೀದೇವಮ್ಮ ಬಟ್ಟಲು ನೋಡಿದರು, ನನ್ನನ್ನು ನೋಡಿದರು. ಸೋಲೊಪ್ಪುವ ಹೆಂಗಸಲ್ಲ. ಕಟ್ಟೆ ಹತ್ತಿ ನಿಂತು, ಸರದಿ ಹೇಳುವ ಅದೇ ದನಿಯಲ್ಲಿ ಹೇಳಿದರು. "ಇವತ್ತಿಂದ ಯಾರೇ ಮಾಡಲಿ, ಒಗ್ಗರಣೆಗೆ ಮುಂಚೆ ಅಜ್ಜಿಗೊಂದು ಬಟ್ಟಲು ಎತ್ತಿಡೋದು. ಭಾನುವಾರ ಟೀಚರಮ್ಮನ ಮನೆ." ಕೆಳಗಿಳಿದ ಮೇಲೆ ನನ್ನ ಕಿವಿಯ ಹತ್ತಿರ, "ಅಜ್ಜಿಗೆ ಎತ್ತಿಟ್ಟ ಮೇಲೆ ಉಳಿದೋರಿಗೆ ಒಗ್ಗರಣೆ ಹಾಕ್ತೀರಿ ತಾನೇ? ಈ ಸಲ ನಮ್ಮ ಒಲೆಗೇ ಬನ್ನಿ" ಎಂದರು.

ಹೋದೆ. ಅವರೆಕಾಯಿ ಮುಗಿದಿತ್ತು, ಅಲಸಂದೆಕಾಳಿನ ಸಾರು. ಎಣ್ಣೆ ಯಾವಾಗ ಕಾದಿರುತ್ತದೆ, ಬೆಳ್ಳುಳ್ಳಿ ಯಾವ ಬಣ್ಣಕ್ಕೆ ಬಂದಾಗ ಮೆಣಸಿನಕಾಯಿ ಹಾಕಬೇಕು, ಮುದ್ದೆಯನ್ನು ಕೋಲಿನಲ್ಲಿ ತಿರುವುವಾಗ ಪಾತ್ರೆಯನ್ನು ಕಾಲಲ್ಲಿ ಹೇಗೆ ಒತ್ತಿ ಹಿಡಿಯಬೇಕು, ಎಲ್ಲ ಆ ಒಲೆಯ ಮುಂದೆ ಕಲಿತೆ. ಅಮ್ಮನ ಆರು ಹಾಳೆಯಲ್ಲಿ ಸಿಗದ ಹದ ಲಕ್ಷ್ಮೀದೇವಮ್ಮನವರ ಗದರಿಕೆಯಲ್ಲಿ ಸಿಕ್ಕಿತು. "ಈಗ ಅಲ್ಲ. ಈಗ ಅಲ್ಲಮ್ಮ. ಹಾಂ, ಈಗ." ಅವತ್ತು ನಾರಾಯಣಪ್ಪ ಮೂರನೇ ಮುದ್ದೆ ಕೇಳಲಿಲ್ಲ. ಎರಡನೆಯದನ್ನು ಪೂರ್ತಿ ಮುಗಿಸಿದರು. ನನಗೆ ಅದು ಸಾಕಾಗಿತ್ತು. ಮೇ ತಿಂಗಳಲ್ಲಿ ವರ್ಗಾವಣೆ ಆರ್ಡರು ಬಂತು. ಆ ಮೂರು ದಿನದಲ್ಲಿ ನಾನು ಹರಿದು ಹರಿದು ಬರೆದ ಅರ್ಜಿಗಳಲ್ಲಿ ಒಂದನ್ನು ನಿಜವಾಗಿಯೂ ಪೋಸ್ಟ್ ಮಾಡಿದ್ದೆ. ಮಂಡಿಕಲ್ ಹತ್ತಿರದ ಶಾಲೆಗೆ ಹೋದೆ. ಚಿಂತೆ ಮಾಡುವವರ ಪಾಡು ಇದೇ. ಆಗಬಾರದು ಎಂದು ಹೆದರಿದ್ದನ್ನು ನಾವೇ ಕೈಯಾರೆ ಅಂಚೆಗೆ ಹಾಕಿರುತ್ತೇವೆ.

ಮೂವತ್ತು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಹೊಂಗೆಮರದಿಂದ ನಡೆದು ಹೋದರೆ, ಬೀದಿ ಈಗ ಸಿಮೆಂಟಿನದು. ಬೋರ್‌ವೆಲ್ ಕಟ್ಟೆಯ ಮೇಲೆ ಯಾರದೋ ಬೈಕು. ನಾರಾಯಣಪ್ಪನವರ ಹುಳದ ಮನೆಯನ್ನು ಹಿತ್ತಲಲ್ಲಿ ಬೇರೆಯಾಗಿ ಕಟ್ಟಿದ್ದಾರೆ, ಹಾಗಾಗಿ ಅಡುಗೆಮನೆಗೆ ಯಾವ ಕಟ್ಟುಪಾಡೂ ಇಲ್ಲ. ಬಾಗಿಲು ತೆಗೆದ ಹುಡುಗಿ ಈ ಮನೆಯ ಸೊಸೆ. ಮುನಿವೆಂಕಟಮ್ಮನವರನ್ನು ನೋಡಬೇಕಿತ್ತು ಎಂದೆ. "ತೋಟದ ಕಡೆ ಹೋಗವ್ರೆ ಆಂಟಿ, ಬರ್ತಾರೆ, ಕೂತ್ಕೊಳ್ಳಿ" ಎಂದಳು. ಯಾರೆಂದು ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ಕೂತೆ. ಒಲೆಯ ಮೇಲೆ ಹಿತಕಿದಬೇಳೆ ಕುದಿಯುತ್ತಿತ್ತು. ಬಸ್ಸಿನಲ್ಲಿ ನನ್ನನ್ನು ಇಳಿಸಿದ ಅದೇ ಸೊಗಡು.

ಅವಳು ಬಾಣಲೆ ಇಡುವ ಮುಂಚೆ ಒಂದು ಬಟ್ಟಲು ಸಾರು ಎತ್ತಿ ಪಕ್ಕಕ್ಕಿಟ್ಟಳು.

"ಅದು ಯಾರಿಗಮ್ಮ?"

"ಯಾರಿಗೂ ಇಲ್ಲ ಆಂಟಿ. ಟೀಚರಮ್ಮನ ಬಟ್ಟಲು ಅಂತಾರೆ ನಮ್ಮ ಬೀದೀಲಿ. ಒಗ್ಗರಣೆಗೆ ಮುಂಚೆ ಎತ್ತಿಡಬೇಕು. ಮಕ್ಕಳೋ ಮುದುಕರೋ ಯಾರಾದ್ರೂ ಉಣ್ತಾರೆ."

"ಯಾವ ಟೀಚರಮ್ಮ?"

"ಯಾರೋ, ಹಳೇ ಕಾಲದೋರು. ನಮ್ಮತ್ತೆಗೆ ಗೊತ್ತಿರಬೇಕು." ಬಾಣಲೆಯಲ್ಲಿ ಸಾಸಿವೆ ಸಿಡಿಯಿತು. ಅವಳು ತಟ್ಟೆ ಹಾಕಿ ನನ್ನ ಮುಂದೆ ಮುದ್ದೆ ಇಟ್ಟು, "ಖಾರ ತಿಂತೀರಾ ಆಂಟಿ, ಇಲ್ಲ ಇದೇ ಕೊಡ್ಲಾ?" ಎಂದಳು.

ಹೊಟ್ಟೆಯುರಿ ಎಂದು ಡಾಕ್ಟರು ನನಗೆ ಖಾರ ಬಿಡಿಸಿ ಎರಡು ವರ್ಷವಾಗಿದೆ. "ಅದೇ ಕೊಡಮ್ಮ" ಎಂದೆ.

ಮುದ್ದೆ ಮುರಿದು, ಅದ್ದಿ, ನುಂಗಿದೆ. ಕಾಯಿ, ಕೊತ್ತಂಬರಿ, ಉಪ್ಪು. ಮೂವತ್ತು ವರ್ಷದ ಹಿಂದೆ ಆ ಜಗಲಿಯ ಮೇಲೆ ನಾನು ಏಳು ಜನಕ್ಕೆ ಏನು ಬಡಿಸಿದ್ದೆ ಎಂದು ಅವತ್ತು ಮೊದಲ ಸಲ ನನಗೆ ಗೊತ್ತಾಯಿತು. ಹಿಂದೆ ಚಪ್ಪಲಿ ಬಿಡುವ ಸದ್ದು. ಮುನಿವೆಂಕಟಮ್ಮ ಒಳಗೆ ಬಂದು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು, ನನ್ನ ಮುಂದಿನ ಬಟ್ಟಲು ನೋಡಿದರು, ಮತ್ತೆ ನನ್ನನ್ನು ನೋಡಿದರು. ಪಕ್ಕದಲ್ಲಿ ಕೂತು ನನ್ನ ಮಂಡಿಯ ಮೇಲೆ ಕೈ ಇಟ್ಟರು.

"ಹೆಂಗೈತೆ ಟೀಚರಮ್ಮ?"

"ಸಪ್ಪೆ" ಎಂದೆ.

"ನಮ್ಮತ್ತೆ ಅದನ್ನ ಎರಡು ಸಲ ಹಾಕಿಸ್ಕೊಂಡ್ರು" ಎಂದರು.

ನಾನು ಬಟ್ಟಲು ಮುಂದೆ ಚಾಚಿದೆ.